ಅಮ್ಮನ ಸೀಟಿನಲ್ಲಿ ಸ್ಕೀ

ಪಪ್ಪ,

ಇಲ್ಲ, ನಾನು ಅಮ್ಮನನ್ನು ಕಾರಿನಿಂದ ಇಳಿಸಲಿಲ್ಲ. ಒಂದು ಸೀಟು ಮಲಗಿಸಿದೆ, ಅಷ್ಟೇ. ಅದಕ್ಕೆ ಇಡೀ ಡಿಸ್ಕವರಿ ಗಾರ್ಡನ್ಸ್ ಕಾಲೊನಿಗೆ ಕೇಳುವ ಹಾಗೆ "ತಾಯಿಯನ್ನು ಎಬ್ಬಿಸಿ ಜಾಗ ಮಾಡಿದೆಯಲ್ಲ ಪಾಪಿ" ಎಂದು ಬೊಬ್ಬೆ ಹೊಡೆದು, ಈಗ ಕೋಣೆಯ ಚಿಲಕ ಹಾಕಿ ಕೂತಿದ್ದೀರಿ. ಬಡಿದರೂ ತೆಗೆಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು, ತಪ್ಪಿದ್ದರೆ ಇರಲಿ.

ಸ್ಕೀ ಅಂದರೆ ಎಂತ ಗೊತ್ತುಂಟಾ ನಿಮಗೆ? ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಹಲಗೆ. ನನಗಿಂತ ಉದ್ದ. ಇವತ್ತು ಅದನ್ನು ಅಬುಧಾಬಿಗೆ, ಎಲೆಕ್ಟ್ರಾ ಸ್ಟ್ರೀಟಿನ ಗಿರಾಕಿಗೆ ಮುಟ್ಟಿಸಬೇಕಿತ್ತು. ನಮ್ಮ ಸ್ಪೋರ್ಟ್ಸ್ ಅಂಗಡಿಯ ವ್ಯಾನು ಗ್ಯಾರೇಜಿನಲ್ಲಿ. "ನಿನ್ನ ಪಪ್ಪನ ಸನ್ನಿ ಕಾರಿನಲ್ಲಿ ಹಾಕಿಕೊಂಡು ಹೋಗು ಮಾರಾಯ, ಇದೊಂದು ಸರಿ ಮಾಡಿದರೆ ನಿನ್ನ ವೀಸಾ ಮಾಡಿಸುತ್ತೇನೆ" ಅಂದರು ಅಂಗಡಿಯ ಧಣಿ ಜೆರಾಲ್ಡ್ ಅಂಕಲ್.

ಮೊದಲು ಕಾರಿನ ಮೇಲೆಯೇ ಕಟ್ಟಿದ್ದೆ. ಪೇಂಟ್ ಕೆರೆಯದ ಹಾಗೆ ಬಿಳಿ ಬೆಡ್‌ಶೀಟ್ ಸುತ್ತಿ, ಬಾಗಿದ ತುದಿ ಹಿಂದಕ್ಕೆ ಮಾಡಿ. ಇಲ್ಲದಿದ್ದರೆ ಹೈವೇಯಲ್ಲಿ ಗಾಳಿ ಎತ್ತಿಬಿಡುತ್ತದೆ. ನೀವು ಬಂದು ನೋಡಿದಿರಿ. "ಎಂತ ಇದು, ಚಟ್ಟ ಕಟ್ಟಿದ್ದಾ? ಇನ್ನು ಯಾರನ್ನು ಹೊರಲಿಕ್ಕುಂಟು?" ಎಂದು ಹಗ್ಗ ಕೊಯ್ದು ಬಿಸಾಡಿದಿರಿ. ಸರಿ, ಮೇಲೆ ಬೇಡ. ಒಳಗೆ ತೂರಿಸಿದೆ. ಮುಂದಿನ ಸೀಟು ಪೂರ್ತಿ ಮಲಗಿಸದೆ ಅದು ಹಿಡಿಯುವುದಿಲ್ಲ. ಲಿವರ್ ಎಳೆದೆ.

ಅಮ್ಮ ಹೋದ ಮೇಲೆ ಆ ಸೀಟಿನಲ್ಲಿ ನೀವು ಯಾರನ್ನೂ ಕೂರಿಸಲಿಲ್ಲ. ನನ್ನನ್ನೂ. ನೀವು ಮುಂದೆ, ನಾನು ಹಿಂದೆ, ಟ್ಯಾಕ್ಸಿಯಲ್ಲಿ ಹೋದ ಹಾಗೆ. "ಅವಳು ಒರಗಿದ ಹಾಗೇ ಇತ್ತು. ಆ ಒರಗು ಇನ್ನು ಎಲ್ಲಿಂದ ತರಲಿ?" ಅಂದಿರಿ.

ಆ ಒರಗು ನಾನು ಮಾಡಿದ್ದು, ಪಪ್ಪ. ಆಸ್ಪತ್ರೆಗೆ ಹೋಗುವಾಗ ನೀವು ಹಾರ್ನ್ ಹೊಡೆಯುತ್ತಾ ರಸ್ತೆ ನೋಡುತ್ತಿದ್ದಿರಿ. "ಉಸಿರು ಕಟ್ಟುತ್ತದೆ ಮಗಾ" ಎಂದು ಅಮ್ಮ ಹೇಳಿದ್ದು ನನಗೆ. ಹಿಂದಿನಿಂದ ಕೈ ಹಾಕಿ ಲಿವರ್ ಎಳೆದವನು ನಾನು. ಸ್ವಲ್ಪ, ಇನ್ನೂ ಸ್ವಲ್ಪ. ಅವಳ ತಲೆ ನನ್ನ ಎದೆಗೆ ಬಂತು. "ಸಾಕು" ಅಂದಳು. ಆಮೇಲೆ ಏನೂ ಹೇಳಲಿಲ್ಲ. ಅಮ್ಮ ಕಡೆಗೆ ಎಂತ ಹೇಳಿದಳು ಎಂದು ಒಂದು ದಿನವಾದರೂ ನನ್ನನ್ನು ಕೇಳಿದ್ದೀರಾ? ಅಳುವುದೂ ಕಾರಿನ ಹಾಗೆ ನಿಮ್ಮೊಬ್ಬರ ಹೆಸರಿನಲ್ಲೇ ಉಂಟಾ?

ಕೀ ಫ್ರಿಜ್ಜಿನ ಮೇಲಿಟ್ಟಿದ್ದೇನೆ. ಸ್ಕೀಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗುತ್ತೇನೆ, ಯಾವುದಾದರೂ ಪಿಕಪ್ಪಿನವನು ಹತ್ತಿಸಿಕೊಂಡಾನು. ಹತ್ತಿಸದಿದ್ದರೆ ಕೆಲಸ ಖಲಾಸ್. ಹೇಗೂ ವಾಪಸ್ ಈ ಮನೆಗೆ ಬರುವುದಿಲ್ಲ. ಕುಕ್ಕರಿನಲ್ಲಿ ಗಂಜಿ ಉಂಟು, ಬಿಸಿ ಮಾಡಿ ಉಣ್ಣಿ. ನೂರು ವರ್ಷ ಬದುಕಿ ಪಪ್ಪ, ಆ ಸೀಟಿನ ಪಕ್ಕದಲ್ಲೇ.

ಬಾಗಿಲು ಮಾತ್ರ ಜೋರಾಗಿಯೇ ಹಾಕುತ್ತೇನೆ. "ಮೆಲ್ಲ, ಮಗಾ" ಅನ್ನಲು ಈಗ ಒಳಗೆ ಯಾರಿದ್ದಾರೆ?

ಹೊರಟೆ.
ಸುಜಿತ್