ಪುಟ್ಟಮಲ್ಲನ ಕಾರ್ಡು

ಹುಣಸೂರು, ೧೯೭೬

ತಮ್ಮಾ ಪುಟ್ಟಮಲ್ಲ,

ನಿನಗೆ ಬರೆದ ಎರಡು ಕಾಗದಗಳೂ ವಿಳಾಸದಾರ ಇಲ್ಲವೆಂದು ವಾಪಸು ಬಂದಿವೆ. ಇದನ್ನು ಅಂಚೆಗೆ ಹಾಕುವುದಿಲ್ಲ.

ಇಲ್ಲಿ ನಿವೃತ್ತ ಡಾಕ್ಟರೊಬ್ಬರು ಯುರೇನಿಯಂ ಗಣಿಯವರ ಕಾಯಿಲೆ ಬಗ್ಗೆ ಹೊರದೇಶದ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನೆಲ್ಲ ಪಟ್ಟಿ ಮಾಡಿಸುತ್ತಿದ್ದಾರೆ. ಅವರು ಓದಿ ಕನ್ನಡದಲ್ಲಿ ಹೇಳುತ್ತಾರೆ, ನಾನು ಲೇಖನಕ್ಕೊಂದು ಕಾರ್ಡು ಬರೆಯುತ್ತೇನೆ. ಅಕ್ಷರ ದುಂಡಗಿದೆ ಎಂದು ಕೆಲಸ ಕೊಟ್ಟರು. ಆ ಬಿಹಾರದ ಯುರೇನಿಯಂ ಗಣಿಗೆ ನಿನ್ನ ಅರ್ಜಿ ಬರೆದದ್ದೂ ಇದೇ ಅಕ್ಷರ.

ಕಾರ್ಡಿನ ತಲೆಯಲ್ಲಿ ಲೇಖಕನ ಹೆಸರಿರುತ್ತದೆ. ಸತ್ತವರಿಗೆ ಹೆಸರಿಲ್ಲ. ‘ವಯಸ್ಸು ಮೂವತ್ತೆಂಟು, ಗಣಿಯಲ್ಲಿ ಹದಿನೇಳು ವರ್ಷ, ಶ್ವಾಸಕೋಶದ ಕ್ಯಾನ್ಸರ್’ ಎಂದಿರುತ್ತದೆ, ಅಷ್ಟೇ. ನಿನ್ನೆ ಅಂಥದ್ದೊಂದನ್ನು ಬರೆದು ಪಕ್ಕಕ್ಕಿಟ್ಟೆ. ಖಾಲಿ ಕಾರ್ಡೊಂದರ ತಲೆಯಲ್ಲಿ ನಿನ್ನ ಹೆಸರು ಬರೆದೆ. ಕೆಳಗೆ ನಿನ್ನ ಕೊನೆಯ ಕಾಗದದ ತಾರೀಖು, ಅದರಲ್ಲಿದ್ದ ಸಾಲು: ‘ವಸಿ ಕೆಮ್ಮು ಕಣಕ್ಕ, ಅವ್ವಂಗೆ ಹೇಳ್ಬೇಡ.’

ಹೇಳಿಲ್ಲ.

ಇವತ್ತು ಬೆಳಗ್ಗೆ ಅದು ಡಾಕ್ಟರ ಕೈಗೆ ಸಿಕ್ಕಿತು.

“ಇವನ್ಯಾರು ಸುಂದ್ರಮ್ಮ? ಯಾವ ಪತ್ರಿಕೇಲಿ ಬರ್ದಿದ್ದಾನೆ?”

“ನನ್ ತಮ್ಮ ಸಾರ್. ಮನೆಗೆ ಬರ್ದಿದ್ದು. ತಪ್ಪಾಯ್ತು, ಕೊಡಿ, ಹರ್ದಾಕ್ತೀನಿ.”

ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಗಣಿಗೆ ಹೋಗಿ ಎಷ್ಟು ವರ್ಷ ಆಯ್ತು?”

“ಆರು.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಕಣೋ. ಅವರು ಕಾರ್ಡಿನ ಮೂಲೆಯಲ್ಲಿ ಆರು ಎಂದು ಬರೆದರು. ಆಮೇಲೆ ಪೆಟ್ಟಿಗೆ ತೆರೆದು, ಉಳಿದ ಕಾರ್ಡುಗಳನ್ನು ಮೆಲ್ಲಗೆ ಸರಿಸಿ, ನಿನ್ನದಕ್ಕೂ ಜಾಗ ಮಾಡಿದರು.