ನೀ ಕತ್ತರಿಸಿದ ಒಂದು ಮಾತು

ಸೋಮು,

ಎದ್ದ ಕೂಡ್ಲೆ ಡ್ರಮ್ ತುಂಬಿಸು, ಒಂಬತ್ತಕ್ಕ ನಳ ನಿಂತು ಬಿಡ್ತೈತಿ. ರೊಟ್ಟಿ ಬುಟ್ಟ್ಯಾಗ ಅದಾವು. ಪಲ್ಯ ಮಾಡಿಲ್ಲ, ಚಟ್ನಿ ಹಚ್ಚಿಕೊಂಡು ತಿನ್ನು. ಸಿಟ್ಟಿಗೇ ಮಾಡಿಲ್ಲ.

ಬಸುರಿ ಅತ್ತಿಗಿ ಕುಬಸಕ್ಕ ರಜಾ ಬೇಕು, "ಸೋಮವಾರ ಊರಿಗೆ ಹೋಗಿ ಬರ್ತೇನಿ" ಅಂತ ಇಂಗ್ಲಿಷಿನ್ಯಾಗ ಬರದು ಕೊಡು ಅಂದಿದ್ದೆ. ನೀ ಏನಂದಿ? "ಅಕ್ಕಾ, ಆನ್‌ಲೈನ್ ಕಾಲೇಜಿನ್ಯಾಗ ಬಿಸಿನೆಸ್ ಕಮ್ಯುನಿಕೇಶನ್ ಕಲ್ಯಾಕತ್ತೇನಿ. ಪತ್ರ ಚುಟುಕಾಗಿರಬೇಕು, ಹೆಚ್ಚಿನ ಮಾತು ಕತ್ತರಿಸಬೇಕು." ಕತ್ತರಿಸಿದಿ. "ಸೋಮವಾರ ಊರಿಗೆ ಹೋಗ್ತೇನಿ" ಅಷ್ಟ ಉಳೀತು. ಮ್ಯಾಲೆ, ಇಷ್ಟು ವರ್ಷ ಕೆಲಸ ಕೊಟ್ಟಿದ್ದಕ್ಕ ಧನ್ಯವಾದ ಬ್ಯಾರೆ. ಸಭ್ಯತಾ ಅಂತ!

ಊರಿಂದ ಬಂದು ನಿನ್ನೆ ಗೋಡಂಬಿ ಫ್ಯಾಕ್ಟರಿಗೆ ಹೋದ್ರ ಮ್ಯಾನೇಜರ್ ಆ ಪತ್ರ ಮುಂದ ಹಿಡದು ಹಿಂದಿಯಾಗ ಅಂದ, "ನೀನ ರಾಜೀನಾಮೆ ಕೊಟ್ಟೀಯಲ್ಲ, ಬಾಯಿ!" ನನ್ನ ಜಾಗಾದಾಗ ಬ್ಯಾರೆಯವಳು ಕುಂತು ಬೀಜ ಸುಲಿಯಾಕತ್ತಿದ್ಲು.

ನಮ್ಮ ಮಂದ್ಯಾಗ ಸತ್ತವರು ಅಷ್ಟ ಹೋಗ್ತಾರ. ಇದ್ದವರು ಹೋಗಿ ಬರ್ತಾರ. ಇದನ್ನ ಅವ್ವ ನಿನಗ ಕಲಿಸಿಲ್ಲೇನು? ಹೊಸ್ತಿಲ ದಾಟೂವಾಗ ಎಷ್ಟು ಸಲ ತಲಿಗೆ ಮೊಟಕಿ ಹೇಳಿಸ್ಯಾಳ!

ಇನ್ನೊಂದು ಪತ್ರ ಬರೀತೇನಿ ಅಂತ ಕುಂದರಬ್ಯಾಡ, ಕೈ ಮುಗೀತೇನಿ. ನನ್ನ ಹರಕುಮುರುಕು ಹಿಂದಿಯಾಗ ಇವತ್ತ ಮ್ಯಾನೇಜರಗ ನಾನ ಹೇಳ್ತೇನಿ. ನೀ ಸೈಬರ್ ಕೆಫೆಯಾಗಿನ ಕಾಲೇಜ್ ಪಾಠ ಮಾತ್ರ ತಪ್ಪಿಸಬ್ಯಾಡ, ಪರೀಕ್ಷಾ ಹತ್ರ ಬಂದೈತಿ. ಹರದ ಚಪ್ಪಲಿ ಹಾಕ್ಕೊಂಡು ಹೋಗಬ್ಯಾಡ, ನಂದು ಬಾಗಲ ಹಿಂದ ಇಟ್ಟೇನಿ.

ಹೋಗಿ ಬರ್ತೇನಿ. ಇದರಾಗ ಒಂದಕ್ಷರಾನೂ ಕತ್ತರಿಸಬ್ಯಾಡ.

ನಿನ್ನ ಅಕ್ಕ,
ಹುಲಿಗೆಮ್ಮ