ನಾವು ತಪ್ಪಿರಲಿಲ್ಲ

ಮುದ್ದೇಬಿಹಾಳ
೭ ಡಿಸೆಂಬರ್ ೧೯೭೮

ಪ್ರೀತಿಯ ಕಾಶಿಬಾಯಿಗೆ,

'ಪ್ರೀತಿಯ' ಎಂದು ಬರೆಯಲು ಇವತ್ತು ಕೈ ಏಳಲಿಲ್ಲ. ಬೇರೆ ಏನೆಂದು ಕರೆಯಬೇಕೋ ತಿಳಿಯದೆ ಹಾಗೇ ಬರೆದಿದ್ದೇನೆ. ನಾವು ಆರಾಮ ಇದ್ದೇವೆ. ನೀನು ಆರಾಮ ಇರುವುದು, ನಗುನಗುತ್ತ ಇರುವುದು, ನಿನ್ನ ಪತ್ರದಿಂದಲೇ ತಿಳಿಯಿತು.

ಇಂಡಿಯಲ್ಲಿ ನೀನು ಕಲಿಸುವ ಶಾಲೆಯ ಸ್ನೇಹಸಮ್ಮೇಳನದಲ್ಲಿ ನಾವು ಶಾಲೆಗೆ ಹೋಗುವಾಗಿನ ನಮ್ಮ ಬ್ಯಾಂಡಿನ ಕಥೆ ಹೇಳಿದೆಯಂತೆ. ಸಿಂದಗಿಯ ಮೈದಾನದಲ್ಲಿ, ಗಣರಾಜ್ಯೋತ್ಸವದ ದಿನ, ಎಂಟು ಹುಡುಗಿಯರು ಬಾರಿಸುತ್ತಿದ್ದಂತೆ ಎಲ್ಲ ಮರೆತು ಗೊಂಬೆಗಳ ಹಾಗೆ ನಿಂತ ಕಥೆ. ಮಾಸ್ತರರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. 'ಓದಿದರೆ ನಿನಗೂ ನಗು ಬರಬಹುದು' ಎಂದಿದ್ದೀಯ. ಬರಲಿಲ್ಲ. ಪತ್ರವನ್ನು ಒಲೆಗೆ ಹಾಕಲು ಹೋದೆ. ನಮ್ಮ ಯಜಮಾನರು ನಬಿಲಾಲರು ಕೈಯಿಂದ ಕಸಿದುಕೊಂಡರು.

ಕಾಶಿ, ನಾವು ಏನನ್ನೂ ಮರೆತಿರಲಿಲ್ಲ. ಅದು ನಿನಗೆ ಗೊತ್ತಿದೆ.

ಅಮೋಘಸಿದ್ಧ ಮಾಸ್ತರು ಲಚ್ಯಾಣದಿಂದ ಹಂಗಾಮಿ ಕೆಲಸಕ್ಕೆ ಬಂದಾಗ ನಮಗೆ ಬರುತ್ತಿದ್ದುದು ಒಂದೇ ಕವಾಯತಿನ ಧಾಟಿ. ಒಂದು ವಾರ ಕೇಳಿ ಅವರು ಏನೆಂದರು? "ಇದನ್ನ ಎಲ್ಲಾ ಸಾಲ್ಯಾಗೂ ಬಾರಸ್ತಾರ. ನಮ್ಮ ಕಿವಿಗೆ ದಿನಾ ಬೀಳೂ ಸಪ್ಪಳ ಯಾರು ಬಾರಸ್ಬೇಕು?" ಎಂದು ನಮ್ಮನ್ನು ಶಾಲೆಯ ಹಿಂದಿನ ಹೊಲಕ್ಕೆ ಕರೆದೊಯ್ದು, ಬಾವಿಯ ಎಂಜಿನ್ನಿನ ಮುಂದೆ ಕೂರಿಸಿದರು. ನೀನು ಓಢಣಿ ಬಾಯಿಗಿಟ್ಟು ನಗುತ್ತಿದ್ದೆ. ನಾನೂ ನಕ್ಕೆ.

ಆಮೇಲೆ ನಗು ನಿಂತಿತು. ಮೂರು ಡ್ರಮ್ಮಿಗೆ ಮೂರು ನಡೆ ಕೊಟ್ಟರು. ನನ್ನ ಕೈ ಪಕ್ಕದ ಗುಂಡವ್ವನ ಡ್ರಮ್ಮಿನ ನಡೆಗೇ ಜಾರುತ್ತಿತ್ತು. "ಆಕೀ ಬೆನ್ನ ಹತ್ತಬ್ಯಾಡ. ನಿನ್ನ ದಾರಿ ನೀ ಹಿಡಿ. ಮುಂದ ಎಲ್ಲಾರೂ ಕೂಡ್ತೀರಿ" ಎನ್ನುತ್ತಿದ್ದರು. ನಿನ್ನ ಬ್ಯೂಗಲ್ಲಿನಲ್ಲಿ ಸ್ವರವೇ ಬೇಡ, ಬರೀ ಉಸಿರು ಸಾಕು, ಒಣಗಿದ ಜೋಳದ ದಂಟಿನಲ್ಲಿ ಗಾಳಿ ಹೊಕ್ಕಂತೆ. ಕೊನೆಗೆ ಎಲ್ಲರೂ ಒಮ್ಮೆಲೆ ನಿಲ್ಲಿಸಬೇಕು. "ಎಂಜಿನ್ ಬಂದ್ ಆದಾಗ ಕಿವ್ಯಾಗ ಒಂದು ಕೇಳಸ್ತೈತಲ್ಲ, ಅದನ್ನ ಮಂದಿಗೆ ಕೇಳಸ್ರಿ. ಅಂಜಬ್ಯಾಡ್ರಿ." ಆ ಮೌನ ತುಂಬಿದ ಮೇಲೆ, ಯಾರ ಸನ್ನೆಯೂ ಇಲ್ಲದೆ, ಡ್ರಮ್ಮು, ತಾಳ, ಬ್ಯೂಗಲ್ಲು ಎಲ್ಲ ಒಂದೇ ಏಟಿಗೆ ಬರಬೇಕು.

ತಾಲೀಮಿನಲ್ಲಿ ಒಮ್ಮೆಯೂ ಅದು ಕೂಡಿಬರಲಿಲ್ಲ. ಯಾರಾದರೊಬ್ಬರು ಮುಂಚೆ ಹೊಡೆಯುತ್ತಿದ್ದೆವು. ಅವರು ಬೈಯುತ್ತಿರಲಿಲ್ಲ. "ಮತ್ತೊಮ್ಮೆ" ಎನ್ನುತ್ತಿದ್ದರು, ಅಷ್ಟೇ.

ಆ ದಿನ ಹೆಡ್‌ಮಾಸ್ತರರು ಅವರನ್ನು, ಧ್ವಜ ಹಾರಿಸಲು ಬರುವ ಸಾಹೇಬರ ಜೀಪು ಕರೆತರಲು ದೊಡ್ಡ ರಸ್ತೆಗೆ ಅಟ್ಟಿದರು. ಜೀಪು ಬೇರೆ ದಾರಿಯಿಂದ ಬಂದುಬಿಟ್ಟಿತು. ಮಾಸ್ತರು ಬರಲಿ ಎಂದು ನಾನು ಅಂದೆ. "ನೀವೇನ್ ಕೂಸ್ಗೋಳೇನ? ಬಾರಸ್ರಿ!" ಎಂದು ಹೆಡ್‌ಮಾಸ್ತರರು ಗದರಿದರು. ನೀನು ಬ್ಯೂಗಲ್ ಎತ್ತಿದೆ.

ನಮ್ಮ ಡ್ರಮ್ಮುಗಳು ದೂರ ದೂರ ಹೋಗಿ ಹೊರಳಿ ಬಂದು ಕೂಡಿದವು. ನಿನ್ನ ಉಸಿರು ಮೈದಾನದ ತುಂಬ ಹರಿಯಿತು. ನಿಲ್ಲಿಸಿದೆವು. ಯಾರೋ ಸಿಳ್ಳೆ ಹಾಕಿದರು. ನಗು ಹಬ್ಬಿತು. ಸಾಹೇಬರೂ ನಕ್ಕರು. "ಮುಂದಿಂದು ಬಾರಸ್ರೆಽ!" ಎಂದು ಹೆಡ್‌ಮಾಸ್ತರರು ಹಲ್ಲು ಕಡಿದರು. ಒಬ್ಬಳೂ ಅಲುಗಲಿಲ್ಲ, ಕಾಶಿ. ಗುಂಡವ್ವನ ಉಸಿರು ನನಗೆ ಕೇಳಿಸುತ್ತಿತ್ತು. ಆಮೇಲೆ ಎಂಟೂ ಜನ ಒಂದೇ ಕೈಯ ಹಾಗೆ ಹೊಡೆದೆವು. ಮೊದಲ ಸಲ, ಒಂದು ಕೂದಲೆಳೆಯೂ ತಪ್ಪದೆ! ನನ್ನ ಮೈ ಜುಂ ಎಂದಿತು. ಸುಳ್ಳು ಹೇಳಬೇಡ, ನಿನ್ನದೂ ಎಂದಿತ್ತು. ನಿನ್ನ ಕಣ್ಣು ನೋಡಿದ್ದೇನೆ.

"ಈ ಹುಚ್ಚಾಟ ಯಾರು ಕಲಿಸಿದ್ದು?" ಎಂದು ಹೆಡ್‌ಮಾಸ್ತರರು ಕೂಗಿದರು. ಅದೇ ಹೊತ್ತಿಗೆ ಮಾಸ್ತರು ಟೋಪಿ ಕೈಯಲ್ಲಿ ಹಿಡಿದು, ಧೂಳಾಗಿ, ಓಡುತ್ತ ಬಂದರು. ನೀನು ಮುಂದೆ ಹೋಗಿ ನಿಂತೆ. "ಮಾಸ್ತರು ಕಲಿಸಿದ್ದು ಛಲೋ ಇತ್ರಿ ಸರ್. ನಾವು ನಡುವ ಮರ್ತು ತಪ್ಪು ಬಾರಿಸಿದ್ವಿ" ಎಂದೆ.

ಅವರ ಕೆಲಸ ಉಳಿಸಲು ಹೇಳಿದೆ. ಗೊತ್ತು. ಮನಸ್ಸು ಕೆಟ್ಟದ್ದಿರಲಿಲ್ಲ. ಆಮೇಲೆ ನೀನು ನಲ್ಲಿಯ ಹತ್ತಿರ ಬಿಕ್ಕಿ ಬಿಕ್ಕಿ ಅತ್ತೆ. ನಿನ್ನನ್ನು ಅಪ್ಪಿಕೊಂಡು ನಾನೂ ಸುಮ್ಮನಾದೆ. ಆದರೆ ಎಂಟು ಜನರ ಕೈ ಮಾಡಿದ ಕೆಲಸವನ್ನು ಅಳಿಸಿಹಾಕಲು ನಿನಗೆ ಅಧಿಕಾರ ಕೊಟ್ಟವರು ಯಾರು? ಕೆಲಸ ಉಳಿಯಿತೇ? ಬೇಸಿಗೆ ರಜೆ ಬರುತ್ತಲೇ ಅವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. 'ಹುಡುಗ್ಯಾರಿಗೆ ತಾಳ ಹಿಡ್ಯಾಕ ಬರೂದಿಲ್ಲ' ಎಂದು ಡ್ರಮ್ಮುಗಳನ್ನು ಗಂಡುಮಕ್ಕಳ ಶಾಲೆಗೆ ಕೊಟ್ಟರು. ನಾವು ವಾದಿಸುವುದು ಹೇಗೆ? ನಿನ್ನ ಬಾಯಿಂದಲೇ ಬಂದಿತ್ತಲ್ಲ. ನಮ್ಮ ಅಬ್ಬಾ ಕೂಡ, "ಬಾರಸಾಕ ಬರಲಿಲ್ಲಂತಲ್ಲ, ಇನ್ನ ಮನ್ಯಾಗ ಇರು" ಎಂದು ನನ್ನ ಶಾಲೆ ಬಿಡಿಸಿದರು.

ಅಂದು ಒಬ್ಬರ ಅನ್ನ ಉಳಿಸಲು ಸುಳ್ಳು ಹೇಳಿದೆ. ಇಂದು ಯಾರನ್ನು ಉಳಿಸಲು ಹೇಳುತ್ತಿದ್ದೀಯ? ಚಹಾ ಕುಡಿಯುತ್ತ ಕುಳಿತ ನಾಲ್ಕು ಜನ ನಗಲಿ ಎಂದೇ? ಹೇಳಿ ಹೇಳಿ ನೀನೇ ಅದನ್ನು ನಂಬಿಬಿಟ್ಟೆಯೋ ಏನೋ. ನನಗೆ ಹೆದರಿಕೆ ಅದರದ್ದೇ. ಇನ್ನೊಮ್ಮೆ ಆ ಕಥೆ ಹೇಳುವುದಾದರೆ ಏಳು ಹುಡುಗಿಯರೆಂದು ಹೇಳು. ನನ್ನನ್ನು ಸೇರಿಸಬೇಡ.

ಮಕ್ಕಳಿಗೆ ಆಶೀರ್ವಾದ ತಿಳಿಸು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟಿನಲ್ಲೂ ನಿನ್ನವಳೇ,
ಮೆಹರಾಜ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಹೋದ ಶುಕ್ರವಾರ ನಮ್ಮ ಹೊಲಿಗೆ ಅಂಗಡಿಗೆ ಅಮೋಘಸಿದ್ಧ ಮಾಸ್ತರು ಬಂದಿದ್ದರು. ಈಗ ಬಸವನ ಬಾಗೇವಾಡಿಯಲ್ಲಿ ಮದುವೆ ಬ್ಯಾಂಡು ಇಟ್ಟಿದ್ದಾರೆ. ಸಿನಿಮಾ ಹಾಡು ಬಾರಿಸುತ್ತಾರೆ. ಕೆಂಪು ಕೋಟಿನ ಅಳತೆ ಕೊಡುತ್ತ ನನ್ನ ಗುರುತು ಹಿಡಿದರು. ನಾನು ಏನೂ ಕೇಳದಿದ್ದರೂ ಅವರೇ ಹೇಳಿದರು: "ತಪ್ಪು ನಿಮ್ಮದಲ್ಲವ್ವಾ. ಅದು ಬಾರಸಾಕ ಆಗೂವಂಥಾದ್ದಽ ಅಲ್ಲ. ಸಣ್ಣ ಹುಡುಗ್ಯಾರ ಮ್ಯಾಲ ಹೊರಿಸಿಬಿಟ್ಟೆ. ಆಮ್ಯಾಲ ಅಂಥಾದ್ದು ಮತ್ತೊಂದು ಕಟ್ಟಲಿಲ್ಲ ನೋಡು." ಅವರು ಅದನ್ನು ಕೇಳಿಯೇ ಇಲ್ಲ, ಕಾಶಿ. ನೀನು ಹೇಳಿದ್ದನ್ನಷ್ಟೇ ಕೇಳಿದ್ದಾರೆ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನಾನೊಬ್ಬಳೇ ಹೇಳಿದರೆ ಮುದುಕನ ಸಮಾಧಾನಕ್ಕೆ ಹೇಳಿದಳು ಎಂದುಕೊಳ್ಳುತ್ತಾರೆ. ತಪ್ಪಿದೆವು ಎಂದವಳೇ ಬಂದು ತಪ್ಪಿರಲಿಲ್ಲ ಎನ್ನಬೇಕು. ಕೋಟು ಒಯ್ಯಲು ಬರುವ ಭಾನುವಾರ ಬರುತ್ತಾರೆ. ಮುಂಜಾನೆಯ ಬಸ್ಸಿಗೆ ಹೊರಡು. ಊಟ ಇಲ್ಲೇ ಮಾಡುವಿಯಂತೆ.